ಮೊದಲ ಅಡಿ ಇಲ್ಲದ ಟೇಪು

ಕಟ್ಟಡ ಪರವಾನಗಿ ವಿಭಾಗದ ಟೇಪಿಗೆ ಮೊದಲ ಅಡಿ ಇರಲಿಲ್ಲ. ಎಂಟು ವರ್ಷದ ಹಿಂದೆ ಯಾರದೋ ಮನೆಯ ಕಬ್ಬಿಣದ ಗೇಟಿಗೆ ಸಿಕ್ಕಿ ಹರಿದುಹೋಗಿತ್ತು. ಹೊಸದು ಬೇಕೆಂದು ಬರೆದ ಪತ್ರ ಮೇಲಕ್ಕೆ ಹೋಗಿ ಮೇಲೆಯೇ ಕೂತಿತು. ಉಂಗುರವನ್ನು ಒಂದರ ಗೆರೆಗೇ ಹೊಲಿದುಕೊಂಡು, ಅಳೆದದ್ದರಲ್ಲಿ ಒಂದು ಕಳೆಯುವುದನ್ನು ರೂಢಿ ಮಾಡಿಕೊಂಡವರು ಇಬ್ಬರೇ ಇಬ್ಬರು ಹೆಂಗಸರು. ಉಳಿದ ಗುಮಾಸ್ತರು ಕುರ್ಚಿ ಬಿಟ್ಟು ಎದ್ದವರಲ್ಲ, ಟೇಪು ಮುಟ್ಟಿದವರೂ ಅಲ್ಲ.

ಉಂಗುರ ಹಿಡಿದು ಗೋಡೆಗೆ ಒತ್ತಿ ನಿಲ್ಲುವುದು ಅಕ್ಕನ ಕೆಲಸ. ಆ ತುದಿಯಲ್ಲಿ ಓದಿ, ಒಂದು ಕಳೆದು, ಬರೆದುಕೊಳ್ಳುವುದು ಇನ್ನೊಬ್ಬಳ ಕೆಲಸ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಎದುರು ಮೇಜಿನವಳು, ಐದು ವರ್ಷಕ್ಕೆ ದೊಡ್ಡವಳು, ಬಾಯಿ ಜೋರು, ಕರುಳು ಮೆತ್ತಗೆ. ಓದಿ ಬರೆಯುವವಳ ಕೈಯಲ್ಲಿ ಸದಾ ಉಕ್ಕಿನ ಅಳತೆಪಟ್ಟಿ ಇರುತ್ತಿದ್ದುದರಿಂದ 'ಸ್ಕೇಲು' ಎಂದು ಹೆಸರಿಟ್ಟವಳೂ ಅಕ್ಕನೇ. ಹದಿನಾಲ್ಕು ವರ್ಷ ಊರಿನ ಗಲ್ಲಿಗಲ್ಲಿಯಲ್ಲಿ ಒಂದು ಮೂಲೆಯಿಂದ "ಎಷ್ಟೇ ಸ್ಕೇಲು?" ಎಂಬ ಕೂಗು, ಇನ್ನೊಂದು ಮೂಲೆಯಿಂದ ಉತ್ತರ. ಈ ಇಬ್ಬರ ವಯಸ್ಸು ಕೇಳಿದರೂ ಒಂದು ಕಳೆದೇ ಹೇಳುತ್ತಾರೆ ಎಂದು ಗುಮಾಸ್ತರು ನಗುತ್ತಿದ್ದರು.

ಸ್ಕೇಲು ಎನಿಸಿಕೊಂಡವಳ ಗಂಡ ದೂರದ ರೈಲುಗಳ ಚಾಲಕ, ತಿಂಗಳಲ್ಲಿ ಆರು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಹುಟ್ಟಿದಾಗ ನೋಡಿಕೊಳ್ಳುವವರಿಲ್ಲದೆ ಕಚೇರಿಗೇ ಎತ್ತಿಕೊಂಡು ಬರುತ್ತಿದ್ದಳು. ಆ ಮಗು ತೆವಳಲು ಕಲಿತದ್ದು ಅಕ್ಕನ ಮೇಜಿನ ಕೆಳಗೆ. ಹಲ್ಲು ಬರುವಾಗ ಕಚ್ಚಿದ್ದು ಕಡತ ಕಟ್ಟುವ ಲಾಡಿಯನ್ನು. ತಿಂಗಳಿಗೊಮ್ಮೆ ಅದನ್ನು ದಾಖಲೆ ಕೋಣೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಅದೇ ಟೇಪಿನಿಂದ ಅಳೆದು, ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಮೊದಲ ಸಲ ಕಳೆಯಲು ಮರೆತು, ಒಂದು ವರ್ಷದ ಕೂಸು ಮೂರೂವರೆ ಅಡಿ ಎಂದು ಬರೆದುಬಿಟ್ಟು, "ಇದು ಮಗುನೋ ಕಂಬನೋ?" ಎಂದು ಅಕ್ಕ ಕೆಮ್ಮು ಬರುವಷ್ಟು ನಕ್ಕಿದ್ದಳು. ಆಮೇಲೆ ಇಲಾಖಾ ಪರೀಕ್ಷೆಗೆ ಅವಳನ್ನು ಕೂರಿಸಿದವಳೂ ಅಕ್ಕ. ತನಗೆ ಓದು ತಲೆಗೆ ಹತ್ತುವುದಿಲ್ಲ, ನೀನು ಬರಿ, ಮಗು ನನಗಿರಲಿ ಎಂದಿದ್ದಳು. ಅವಳು ದಾಖಲೆ ಕೋಣೆಯಲ್ಲಿ ಕೂತು ನಿಯಮಗಳನ್ನು ಬಾಯಿಪಾಠ ಮಾಡುವಾಗ ಹೊರಗೆ ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುವ ಸದ್ದು ಕೇಳುತ್ತಿತ್ತು.

ಮೂರು ತಿಂಗಳ ಹಿಂದೆ ಅವಳು ವಿಭಾಗದ ಮೇಲ್ವಿಚಾರಕಿಯಾದಳು. ಗಾಜಿನ ಕೋಣೆ ಸಿಕ್ಕಿತು. ಮೇಲ್ವಿಚಾರಕರಾದವರು ಟೇಪು ಹಿಡಿದು ಅಲೆಯುವುದು ಶೋಭೆಯಲ್ಲ ಎಂದು ಸಾಹೇಬರು ಮೊದಲ ದಿನವೇ ಹೇಳಿದರು. ಅವಳ ಹಳೆಯ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಅಕ್ಕ ಒಬ್ಬಳೇ ಅಳತೆಗೆ ಹೋಗತೊಡಗಿದಳು. ಉಂಗುರ ಹಿಡಿಯಲು ಆಯಾ ಮನೆಯವರೇ.

ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಎಂದಿನ ಮೇಜಿಗೆ ಹೋದರೆ ಮಾತು ಪಕ್ಕನೆ ನಿಲ್ಲುತ್ತಿತ್ತು. ಯಾರೂ ಏಳು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ; ಜಾಗ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಬಿಟ್ಟರು. ಒಂದು ವಾರ ನೋಡಿ ಗಾಜಿನ ಕೋಣೆಯಲ್ಲೇ ಉಣ್ಣತೊಡಗಿದಳು. ಒಳಗಿನಿಂದ ಅವರ ನಗು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅದಕ್ಕೇ ಬಾಗಿಲು ಮುಚ್ಚುವುದನ್ನು ಅಭ್ಯಾಸ ಮಾಡಿಕೊಂಡಳು. ಮುಚ್ಚಿದ್ದರಿಂದಲೇ ಕೇಳುತ್ತಿಲ್ಲ ಎಂದುಕೊಳ್ಳಬಹುದಲ್ಲ. ಅಕ್ಕನ ಬಾಯಲ್ಲಿ 'ಸ್ಕೇಲು' ಹೋಗಿ 'ಮೇಡಂ' ಬಂದಿತ್ತು. ದೊಡ್ಡಮ್ಮ ಯಾಕೆ ಮನೆಗೆ ಬರುತ್ತಿಲ್ಲ ಎಂದು ಮಗಳು ಕೇಳಿದಾಗ, ಕೆಲಸ ಜಾಸ್ತಿ ಎಂದಳು. ಕೆಲಸ ಹಂಚುತ್ತಿದ್ದವಳು ತಾನೇ.

ಒಂದು ದಿನ ಒಬ್ಬ ದರ್ಜಿ ಹೆಂಗಸು ದೂರು ತಂದಳು. ಕೊರಳಲ್ಲಿ ಬಟ್ಟೆಯ ಟೇಪು ಹಾಗೇ ನೇತಾಡುತ್ತಿತ್ತು. ಪಕ್ಕದ ಸೈಟಿನಲ್ಲಿ ಬಸ್ಸಿನ ಡ್ರೈವರು ಮನೆ ಕಟ್ಟುತ್ತಿದ್ದಾನೆ. ಗೋಡೆ ತನ್ನ ಹೊಲಿಗೆ ಯಂತ್ರದ ಕಿಟಕಿಗೆ ತೀರ ಒತ್ತಿ ಬರುತ್ತಿದೆ. ಸೂಜಿಗೆ ದಾರ ಪೋಣಿಸುವಷ್ಟೂ ಬೆಳಕು ಇರುವುದಿಲ್ಲ ಎಂಬುದು ಅವಳ ಗೋಳು. ಮೇಲ್ವಿಚಾರಕಿ ಕಡತ ತೆಗೆಸಿದಳು. ಗಡಿಯಿಂದ ನಾಲ್ಕಡಿ ಬಿಡಬೇಕು. ಪಾಯದ ಗುರುತು ನೋಡಲು ಹೋದ ಅಕ್ಕ 'ನಾಲ್ಕು ಅಡಿ, ಸರಿಯಿದೆ' ಎಂದು ಬರೆದು ಸಹಿ ಹಾಕಿದ್ದಳು. ತಾರೀಕು ನೋಡಿದಳು. ಅಕ್ಕ ಒಬ್ಬಳೇ ಹೋದ ಮೊಟ್ಟಮೊದಲ ಸೈಟು ಅದು.

ಅಕ್ಕ ಆ ದಿನ ರಜೆ. ಶೋಭೆಯ ಮಾತು ಬದಿಗಿಟ್ಟು ಟೇಪು ತೆಗೆದುಕೊಂಡು ತಾನೇ ಹೊರಟಳು. ಉಂಗುರಕ್ಕೆ ಯಾರೋ ಕೆಂಪು ದಾರ ಸುತ್ತಿದ್ದರು. ಹಿಂದೆ ಅದು ಇರಲಿಲ್ಲ.

ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ನಿಮ್ಮವರೇ ಅಳೆದು ಸೈ ಅಂದಿದ್ದಾರೆ ಎಂದು ಡ್ರೈವರು ಮೊದಲೇ ಗುರಾಣಿ ಹಿಡಿದು ನಿಂತ. ದರ್ಜಿ ಹೆಂಗಸಿನ ಕೈಗೆ ಉಂಗುರ ಕೊಟ್ಟು ಗಡಿಕಲ್ಲಿಗೆ ಹಿಡಿಸಿದಳು. ಟೇಪು ಎಳೆದು ಗೋಡೆಗೆ ತಾಗಿಸಿ ಬಗ್ಗಿ ನೋಡಿದಳು. ನಾಲ್ಕು. ಕೂದಲೆಳೆ ಅತ್ತಿತ್ತ ಇಲ್ಲ.

"ಎಷ್ಟು ಬಂತಮ್ಮ?" ಎಂದಳು ದರ್ಜಿ ಹೆಂಗಸು.

ಟೇಪು ಹೇಳುತ್ತಿದ್ದುದು ನಾಲ್ಕು. ಅದನ್ನು ಹೇಳಿದರೆ ಅಲ್ಲಿದ್ದವರಲ್ಲಿ ಸುಳ್ಳು ಎನ್ನುವವರು ಯಾರೂ ಇಲ್ಲ. ಮೂರು ಎಂದರೆ ಡ್ರೈವರನ ಗೋಡೆ ಬೀಳುತ್ತದೆ, ಅಕ್ಕನ ಸೇವಾ ಪುಸ್ತಕದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಉಳಿದಿರುವ ಒಂದೆಳೆ ಸ್ನೇಹವೂ ಅಲ್ಲಿಗೆ ಮುಗಿಯುತ್ತದೆ. ನಾಳೆ ತಿಳಿಸುತ್ತೇನೆ ಎಂದಷ್ಟೇ ಹೇಳಿದಳು. ಕಿಟಕಿಯೊಳಗೆ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಮಗುವಿನ ಲಂಗ ಬಿದ್ದಿತ್ತು. ಹೊತ್ತು ಮೂರೂ ಆಗಿರಲಿಲ್ಲ, ಒಳಗೆ ದೀಪ ಹಾಕಿದ್ದರು.

ಮರುದಿನ ಅಕ್ಕನನ್ನು ಕರೆದಳು. ಕೂತುಕೋ ಎಂದರೂ ಅಕ್ಕ ನಿಂತೇ ಇದ್ದಳು.

"ಡ್ರೈವರ್ ಸೈಟಲ್ಲಿ ಒಂದು ಕಳ್ದಿದ್ಯಾ ಅಕ್ಕ?"

ಅಕ್ಕ ಮೇಜಿನ ಗಾಜನ್ನು ನೋಡುತ್ತಲೇ ಹೇಳಿದಳು: "ಕಳಿಯೋದು ಯಾವತ್ತೂ ನಿಮ್ ಕೆಲ್ಸ ಅಲ್ವಾ ಮೇಡಂ. ನಾನು ಹಿಡ್ಕೊಂಡು ನಿಲ್ಲೋಳು." ಮತ್ತೆ ಹೇಳಿದಳು: "ಎರಡನೇ ಸೈಟಲ್ಲಿ ನೆನಪಾಯ್ತು. ಇನ್ನು ಮರೀಬಾರ್ದು ಅಂತ ದಾರ ಕಟ್ದೆ. ಹೇಳೋಣ ಅಂತ ಬಂದೆ. ಬಾಗ್ಲು ಹಾಕಿತ್ತು."

"ತಟ್ಟಬೇಕಿತ್ತು."

"ನಿನ್ನ ಬಾಗ್ಲು ತಟ್ಟಿ ನಂಗೆ ಅಭ್ಯಾಸ ಇಲ್ಲ."

ಮೂರು ತಿಂಗಳ ಮೇಲೆ ಕೇಳಿದ 'ನಿನ್ನ' ಅದು. ಅಕ್ಕ ಈಗ ದನಿ ತಗ್ಗಿಸಿದಳು. "ನಾಲ್ಕು ಅಂತ್ಲೇ ಬಿಡು. ಟೇಪೇ ಹಾಗೆ ಹೇಳುತ್ತೆ. ಗೊತ್ತಿರೋರು ನಾವಿಬ್ರೇ."

ಅಕ್ಕ ಹೊರಗೆ ಹೋದ ಮೇಲೆ ಅವಳು ಟಿಪ್ಪಣಿ ಬರೆಯಲು ಕೂತಳು. ನಾಲ್ಕು ಸಾಲಿಗೆ ಇಡೀ ಬೆಳಗ್ಗೆ ಹಿಡಿಯಿತು. ಇದ್ದ ಅಂತರ ಮೂರು ಅಡಿ. ಟೇಪಿನ ದೋಷ ಎಂಟು ವರ್ಷದಿಂದ ಗೊತ್ತಿದ್ದೂ ಒಬ್ಬರನ್ನೇ ಕಳಿಸಿದ ತಪ್ಪು ಮೇಲ್ವಿಚಾರಕಿಯದು. ಕಳೆಯದೆ ಬರೆದ ತಪ್ಪು ಸಿಬ್ಬಂದಿಯದು. ತನ್ನ ಹೆಸರನ್ನು ಮೊದಲು ಬರೆದಳು. ಗೋಡೆ ಕೆಡವಿದ ನಷ್ಟವನ್ನು ಕಚೇರಿಯೇ ತುಂಬಿಕೊಡಬೇಕು ಎಂದೂ ಸೇರಿಸಿದಳು. ಈ ಮೂರು ತಿಂಗಳಲ್ಲಿ ಅಳೆದ ಉಳಿದ ಸೈಟುಗಳಿಗೂ ಒಬ್ಬಳೇ ಹೋಗಿ, ಸಿಕ್ಕಿದವರ ಕೈಗೆ ಉಂಗುರ ಕೊಟ್ಟು ಮತ್ತೆ ಅಳೆದಳು. ಎಲ್ಲವೂ ಸರಿಯಿದ್ದವು. ಕೆಂಪು ದಾರ ತನ್ನ ಕೆಲಸ ಮಾಡಿತ್ತು.

ಇಬ್ಬರಿಗೂ ನೋಟೀಸು ಬಂತು. ಅಂದು ಅಕ್ಕ ಬಾಗಿಲು ತಟ್ಟದೆ ಒಳಗೆ ಬಂದಳು.

"ನನ್ನ ತಪ್ಪಲ್ಲೂ ನಿಂಗೆ ಮೇಲಿನ ಸಾಲೇ ಬೇಕಿತ್ತಾ?"

ತಿಂಗಳು ತುಂಬುವ ಮೊದಲೇ ಅಕ್ಕ ಕೇಳಿಕೊಂಡು ಮಹಡಿಯ ಮೇಲಿನ ಜನನ ಮರಣ ವಿಭಾಗಕ್ಕೆ ಹೋದಳು. ಎದುರು ಮೇಜಿನ ಮೇಲೆ ಯಾರೋ ಹಳೆಯ ನಕ್ಷೆಗಳ ಸುರುಳಿ ತಂದು ಪೇರಿಸಿದರು.

ಡ್ರೈವರು ಶಪಿಸುತ್ತಲೇ ಗೋಡೆ ಹಿಂದಕ್ಕೆ ಸರಿಸಿದ. ಎಂಟು ವರ್ಷ ಬಾರದ ಟೇಪು ನೋಟೀಸಿನ ಬೆನ್ನಿಗೇ ಬಂತು. ಹಳದಿ, ಹೊಳೆಯುವ, ಮೊದಲ ಅಡಿ ಇರುವ ಟೇಪು. ಅದನ್ನೇ ಹಿಡಿದು ಕೊನೆಯ ಅಳತೆಗೆ ಹೋದಳು. ದರ್ಜಿ ಹೆಂಗಸು ಉಂಗುರ ಹಿಡಿದಳು. ನಾಲ್ಕಕ್ಕೆ ಬಂತು. "ಮೂರು" ಎಂದಿತು ಅವಳ ನಾಲಿಗೆ. ದರ್ಜಿ ಹೆಂಗಸಿನ ಮುಖ ಕಪ್ಪಿಟ್ಟಿತು. ಇಲ್ಲ ಇಲ್ಲ, ನಾಲ್ಕೇ, ಅಭ್ಯಾಸಬಲ ಎಂದು ಸಮಾಧಾನ ಹೇಳುವಷ್ಟರಲ್ಲಿ ನಗು ಉಕ್ಕಿತು. ಆ ನಗೆಯ ಅರ್ಥ ಗೊತ್ತಿದ್ದ ಒಂದೇ ಜೀವ ಮಹಡಿಯ ಮೇಲಿತ್ತು. ಕಚೇರಿಗೆ ಬಂದು ಅರ್ಧ ಮೆಟ್ಟಿಲು ಹತ್ತಿದಳು. ಮೇಲಿನಿಂದ ಅಕ್ಕನ ಗಂಟಲು ಕೇಳಿತು, ಯಾರಿಗೋ ಏನೋ ಚೇಷ್ಟೆ, ನಾಲ್ಕಾರು ಜನರ ನಗು. ಹಾಗೇ ಇಳಿದಳು.

ಶಾಲೆಗೆ ರಜೆ ಇದ್ದ ದಿನ ಮಗಳನ್ನು ಕಚೇರಿಗೆ ಕರೆತಂದಳು. ಮಗು ತಾನೇ ಹೋಗಿ ದಾಖಲೆ ಕೋಣೆಯ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ಹಿಮ್ಮಡಿಯಲ್ಲಿ ಹೊಸ ಟೇಪಿನ ಉಂಗುರ ಅದುಮಿಕೊಂಡಿತು. ಹೊಸ ಗೆರೆ ಹಳೆಯದಕ್ಕಿಂತ ಒಂದಂಗುಲ ಮೇಲೆ ಬಿತ್ತು. ಪಕ್ಕದಲ್ಲಿ ತಾರೀಕು ಹಾಕಿ, ನಾಲ್ಕು ಅಡಿ ಒಂದು ಅಂಗುಲ ಎಂದು ಬರೆದಳು. ಹಳೆಯ ಗೆರೆಗಳ ಪಕ್ಕದಲ್ಲೆಲ್ಲ ಅಕ್ಕನ ಗುಂಡು ಅಕ್ಷರ; ಇದೊಂದು ಮಾತ್ರ ಅವಳದು.

ನಾಲ್ಕು ದಿನ ಬಿಟ್ಟು ಯಾವುದೋ ಕಡತಕ್ಕೆಂದು ಹೋದಾಗ ಗೆರೆಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಇತ್ತು. ಗುಂಡು ಅಕ್ಷರ.

'ಒಂದು ಕಳ್ದ್ಯಾ ಸ್ಕೇಲು?'

ಕೈಯಲ್ಲಿದ್ದ ಪೆನ್ಸಿಲನ್ನು ಆ ಸಾಲಿನ ಕೆಳಗೆ ತಾಗಿಸಿದಳು. ಕೌಂಟರಿನಿಂದ ಯಾರೋ ಮೇಡಂ ಎಂದು ಕೂಗಿದರು. ಹೋಗಿ, ಬಂದವರ ಕೆಲಸ ಮುಗಿಸಿಕೊಟ್ಟಳು. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಎದ್ದು ಗಾಜಿನ ಬಾಗಿಲನ್ನು ಪೂರ್ತಿ ತೆರೆದಳು. ಅದು ಗಾಳಿಗೆ ವಾಲಿ ಮುಚ್ಚಿಕೊಳ್ಳುವ ಜಾತಿಯದು. ಮೇಜಿನ ಡ್ರಾಯರಿನಿಂದ ಹಳೆಯ ಟೇಪು ತಂದು ಬಾಗಿಲ ಬುಡಕ್ಕೆ ಒತ್ತಿಟ್ಟು, ಬಂದು ಉಣ್ಣಲು ಕೂತಳು.