ಬೆಂಚಿನ ಮೇಲೆ ಮೂರು ದಿನ

ಓಕಾ ನದಿಯ ದಂಡೆಯ ಆ ಹಳ್ಳಿಯಲ್ಲಿ ಉಸ್ತಿನ್ಯಾಳ ಬಾಯಿಗೆ ಹೆದರದವರಿರಲಿಲ್ಲ. ಗಂಡ ಯೆರೊಫೇಯ್ ಮಾತ್ರ ಅವಳನ್ನು ನೋಡಿದರೆ ನಗುತ್ತಿದ್ದ. ಸರಕಿನ ದೋಣಿಗಳನ್ನು ಹಗ್ಗ ಹಾಕಿ ಎಳೆದೂ ಎಳೆದೂ ಅವನ ಎದೆ ಕುಸಿದಿತ್ತು. ಆ ಚಳಿಗಾಲ ರಕ್ತ ಕೆಮ್ಮುತ್ತ, ಮೇಲೆ ಮಲಗಲು ಜಾಗವಿರುವ ಬೆಚ್ಚಗಿನ ದೊಡ್ಡ ಇಟ್ಟಿಗೆ ಒಲೆಯ ಮೇಲೆ ಮಲಗಿದವನು ಕೆಳಗಿಳಿದಿರಲಿಲ್ಲ. ಹಿಟ್ಟಿನ ತೊಟ್ಟಿ ಗುಡಿಸಿದ ಹಾಗಿತ್ತು. ಎರಡು ಮಕ್ಕಳು ಬೇರೆ.

ಅಂಥ ಹೊತ್ತಿನಲ್ಲಿ ಪಟ್ಟಣದ ಚಿತ್ರಗಾರನೊಬ್ಬ ಬಂದ. ಬಡವರ ಮನೆಯ ಸಾವನ್ನು ಬರೆಯಬೇಕಂತೆ. ಯೆರೊಫೇಯನ ಮುಖ ನೋಡಿದ್ದೇ, "ದೇವರ ಮೂಲೆಯ ಬೆಂಚಿನ ಮೇಲೆ ಮೂರು ದಿನ ಹೆಣದ ಹಾಗೆ ಮಲಗಲಿ. ಒಂದು ಮೂಟೆ ಹಿಟ್ಟು ಕೊಡ್ತೀನಿ" ಎಂದ.

ಆ ಬೆಂಚಿನ ಮೇಲೆ, ದೇವರ ಪಟಗಳ ಕಡೆ ತಲೆ ಮಾಡಿ ಮಲಗಿಸುವುದು ಸತ್ತವರನ್ನು. ಬದುಕಿದ್ದವನನ್ನು ಹಾಗೆ ಮಲಗಿಸಿದರೆ ಸಾವನ್ನು ಕೈಹಿಡಿದು ಒಳಗೆ ಕರೆದಂತೆ.

"ನಿಮ್ಮಪ್ಪನ್ನ ಮಲಗಿಸ್ಕೊಳ್ಳಿ ಹೋಗಿ, ಒಡೆಯಾ!" ಉಸ್ತಿನ್ಯಾ ಒಲೆಕೋಲು ಎತ್ತಿದಳು.

ಮೇಲಿಂದ ಯೆರೊಫೇಯ್ ಕೆಮ್ಮುತ್ತಲೇ ನಕ್ಕ. "ಸುಮ್ನಿರೇ. ಹುಟ್ಟಿದಾಗಿಂದ ಮಲ್ಕೊಂಡು ಮಾಡೋ ಕೂಲಿ ಇದೊಂದೇ ಸಿಕ್ಕಿರೋದು. ಮಕ್ಕಳು ರೊಟ್ಟಿ ತಿನ್ಲಿ."

ಬೆಳಿಗ್ಗೆ ಅವಳೇ ಅವನನ್ನು ಇಳಿಸಿ ಮಲಗಿಸಿದಳು, ತಲೆ ಬಾಗಿಲ ಕಡೆಗೆ, ಕಾಲು ದೇವರ ಕಡೆಗೆ. 'ತಪ್ಪಾಯ್ತು ತಂದೆ, ಸಿಟ್ಟಾಗ್ಬೇಡ' ಎಂದು ಪಟಗಳಿಗೆ ಮೂರು ಸಲ ಬಗ್ಗಿದಳು. ಪಟ್ಟಣದವನಿಗೆ ಏನು ಗೊತ್ತು? ಹಾಗೇ ಬರೆದ.

"ಕೆಮ್ಮಬೇಡಪ್ಪ" ಎಂದು ಚಿತ್ರಗಾರ ರೇಗಿದರೆ, "ಹೆಣ ಕೆಮ್ಮಿದ್ರೆ ಹಿಟ್ಟು ಮುರ್ಕೋತೀರಾ, ಒಡೆಯಾ?" ಎನ್ನುತ್ತಿದ್ದ ಯೆರೊಫೇಯ್. ಪಕ್ಕದಲ್ಲಿ ಕೂತ ಉಸ್ತಿನ್ಯಾಳಿಗೆ ಚಿತ್ರಗಾರ "ಅಳು" ಅಂದರೂ ಅವಳು ಅಳಲಿಲ್ಲ. ಬದುಕಿದ್ದವನ ಮುಂದೆ ಹೇಗೆ ಅಳುವುದು?

ಹಿಟ್ಟು ಬಂತು. ನದಿಯ ಮಂಜುಗಡ್ಡೆ ಒಡೆಯುವ ಮೊದಲೇ ಯೆರೊಫೇಯ್ ಹೋದ. ಅದೇ ಬೆಂಚಿನ ಮೇಲೆ ಈ ಸಲ ಸರಿಯಾಗಿ, ದೇವರ ಕಡೆ ತಲೆ ಮಾಡಿ ಮಲಗಿಸಿದರು. ಹೆಣ ತೊಳೆಯಲು ಬಂದ ನೆರೆಯ ಫೆದೋಸ್ಯಾ, "ಸಾವನ್ನ ಯಾಮಾರಿಸ್ತೀನಿ ಅಂತ ದೇವರಿಗೇ ಕಾಲು ತೋರಿಸಿದ್ಯಲ್ಲೇ. ಈಗೇನಾಯ್ತು?" ಎಂದಳು. ಊರಿಗೆಲ್ಲ ಉತ್ತರ ಕೊಡುವವಳು ಆವತ್ತು ನೀರಿನ ಬೋಗುಣಿ ಎಳೆದುಕೊಂಡು ಗಂಡನ ಕಾಲು ತೊಳೆಯತೊಡಗಿದಳು.

ಕಂಡವರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಳು. ಎಷ್ಟೋ ವರ್ಷದ ಮೇಲೆ ಮಾಸ್ಕೋಗೆ ಹೋಗಿಬಂದ ಚರ್ಚಿನ ಗಂಟೆಯವನು ಹೇಳಿದ: "ನಿನ್ ಗಂಡನ ಹೆಣ ನೋಡ್ದೆ ಕಣಮ್ಮ, ಗೋಡೆ ಮೇಲೆ. ದೊಡ್ಡ ಮನೆ ಹೆಂಗಸರು ಕರ್ಚೀಫು ಹಿಡ್ಕೊಂಡು ಅಳ್ತಿದ್ರು."

"ತಲೆ ಯಾವ ಕಡೆಗಿತ್ತು?"

"ಬಾಗಿಲ ಕಡೆಗೆ."

"ಹಂಗಾದ್ರೆ ಅದು ಹೆಣ ಅಲ್ಲ" ಎಂದಳು ಉಸ್ತಿನ್ಯಾ, ಒದ್ದೆ ಬಟ್ಟೆ ಹಿಂಡುತ್ತ. "ಕೆಮ್ಮು ತಡ್ಕೊಂಡು ಮಲಗಿದಾನೆ, ಅಷ್ಟೇ."