ಅತ್ತೆಯ ಒಲೆ ಇದ್ದ ಜಾಗ

ಇಳಕಲ್ಲಿನಿಂದ ಮದುವೆಯಾಗಿ ಬಾದಾಮಿಗೆ ಬಂದಾಗ ಆ ಮನೆಗೆ ಎಷ್ಟು ವಯಸ್ಸೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ಇದ್ದವರಿಗೂ ಗೊತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಓಣಿಯ ಉಳಿದ ಮನೆಗಳ ಹಾಗೇ ಮಣ್ಣಿನ ಮಾಳಿಗೆಯ ಮನೆ. ಒಳಗೆ ಮಾತ್ರ ಕಂಬಗಳು ಒಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪ. ವರ್ಷ ವರ್ಷ ಬಳಿದ ಸುಣ್ಣ, ಅದರಡಿ ಮಣ್ಣಿನ ಗಿಲಾವು. ಅದರಡಿ ಏನಿದೆಯೆಂದು ಯಾರೂ ನೋಡಲು ಹೋಗಿರಲಿಲ್ಲ.

ಮನೆಯಲ್ಲಿ ನಾವು ಮೂವರೇ. ನಮ್ಮತ್ತೆ, ಅವರ ಒಬ್ಬನೇ ಮಗನಾದ ನಮ್ಮವರು, ನಾನು. ನಮ್ಮವರು ಊರ ಸಾಲೆಯಲ್ಲಿ ಮಾಸ್ತರರು. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಮೇಲೆ ಅವರು ಹೊಸ್ತಿಲು ದಾಟಿದ್ದೇ ಕಡಿಮೆ. ನಸುಕಿನಲ್ಲಿ ಕೆರೆಗೆ ಹೋಗಿ ಮಡಿನೀರು ತರುತ್ತಿದ್ದರು. ಯಾವಾಗಲಾದರೊಮ್ಮೆ ಚೊಳಚಗುಡ್ಡದ ಹತ್ತಿರ ಬನಶಂಕರಿಯ ದರ್ಶನಕ್ಕೆ ಹೋಗುತ್ತಿದ್ದರು. ಉಳಿದ ಆಯುಷ್ಯವೆಲ್ಲ ಆ ಗೋಡೆಗಳ ನಡುವೆಯೇ ಕಳೆದಿತ್ತು. ಅಡಿಗೆಮನೆ ಮಾತ್ರ ಪೂರ್ತಿ ಅವರದು. ಒಲೆಯನ್ನು ಬೇರೆ ಯಾರಿಗೂ ಸಾರಿಸಲು ಕೊಡುತ್ತಿರಲಿಲ್ಲ.

ನನಗೆ ತಾಯಿ ಇರಲಿಲ್ಲ. ಬಸುರಾದೆನೆಂದು ತಿಳಿದ ದಿನ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಹೇಳಿದರು, “ತವರುಮನಿ ಇಲ್ಲಂತ ಮನಸ್ಸಿಗೆ ಹಚ್ಕೋಬ್ಯಾಡ. ಇಲ್ಲೇ ನಡುಮನ್ಯಾಗ ನಿನ್ನ ಬಾಣಂತನ ಮಾಡ್ತೇನಿ. ನಿನ್ನ ಗಂಡನ್ನ ನಾ ಅಲ್ಲೇ ಹಡದೇನಿ.”

ಆ ಮಳೆಗಾಲದಲ್ಲಿ ಮಾಳಿಗೆ ಸೋರಿ ಪಡಸಾಲೆಯ ಒಂದು ಕಂಬದ ಗಿಲಾವು ಕಳಚಿ ಬಿತ್ತು. ಒಳಗೆ ಕೆಂಪು ಕಲ್ಲು, ಅದರ ಮೇಲೆ ಹಂಸಗಳ ಸಾಲು. ನಮ್ಮವರು ಸಾಲೆ ಬಿಟ್ಟ ಕೂಡಲೇ ಓಡಿಬಂದು, ಅತ್ತೆಯ ಹಳೆಯ ಸೌಟನ್ನೇ ಹಿಡಿದು ಮೆಲ್ಲಗೆ ಕೆರೆಯುತ್ತ ಕೂಡುತ್ತಿದ್ದರು. ತೊಲೆಯ ಮೇಲೆ ಸವೆದ ಅಕ್ಷರಗಳು ಸಿಕ್ಕವು. ಅವರಿಗೆ ಓದಲು ಬಂದದ್ದು ‘ಮನೆ’ ಎಂಬ ಒಂದೇ ಮಾತು. ಅಂದು ಅವರು ಊಟ ಮಾಡುವುದನ್ನೇ ಮರೆತರು. ಅಷ್ಟು ಸಂತೋಷವಾಗಿದ್ದ ಅವರನ್ನು ನಾನು ಮತ್ತೆ ನೋಡಲಿಲ್ಲ.

ಅವರೇ ಹೋಗಿ ಹಳೇ ಕಟ್ಟಡಗಳ ಖಾತೆಯ ಒಬ್ಬ ಸಾಹೇಬರನ್ನು ಕರೆತಂದರು. ಸಾಹೇಬರು ಸಂಭಾವಿತರು. ಚಪ್ಪಲಿ ಹೊರಗೆ ಬಿಟ್ಟು ಬಂದು ಒಂದೊಂದೇ ಕಂಬ ಮುಟ್ಟಿ ನೋಡಿ ಹೇಳಿದರು: “ಗುಡಿಗಳು ಬೇಕಾದಷ್ಟು ಉಳಿದಾವ್ರಿ ಮಾಸ್ತರ. ಆ ಕಾಲದ ಮಂದಿ ವಾಸ ಮಾಡಿದ ಮನಿ ಸಿಗೂದು ಭಾಳ ಅಪರೂಪ. ಇದನ್ನ ಉಳಿಸಬೇಕು.”

ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆ ನನ್ನ ಕಿವಿಯಲ್ಲಿ, “ನಾವು ಉಳಿಸೇ ಉಳಿಸೇವಲ್ಲ?” ಎಂದರು.

ರಿಪೇರಿ ಮುಗಿಯುವ ತನಕ ಬೇರೆ ಕಡೆ ಇರಬೇಕು, ಆಮೇಲೆ ನೋಡೋಣ ಎಂದು ಸಾಹೇಬರು ಹೇಳಿದ್ದರು. ನಮ್ಮವರು ತಾಯಿಗೆ ಬಂದು ಹೇಳುವಾಗ ಆ ‘ನೋಡೋಣ’ ಬಿಟ್ಟುಹೋಯಿತು. “ಮಾಳಿಗಿ ಸೋರೂದು ನಿಲ್ತದ ಅವ್ವಾ. ಮತ್ತ ನಾವೇ ಬಂದಿರ್ತೇವಿ.” ಅವರು ಸುಳ್ಳು ಹೇಳಲಿಲ್ಲ. ಹಾಗೇ ನಂಬಿದ್ದರು.

ಬಸ್‌ಸ್ಟ್ಯಾಂಡಿನ ಕಡೆ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಮಗಳು ಹುಟ್ಟಿದ್ದು ಅಲ್ಲಿಯೇ. ಅತ್ತೆ ಬಾಣಂತನ ಏನೂ ಕಡಿಮೆ ಮಾಡಲಿಲ್ಲ. ಆದರೆ ಕತ್ತಲಲ್ಲಿ ಎದ್ದಾಗ ಹಳೇ ಮನೆಯ ಬಾಗಿಲಿದ್ದ ದಿಕ್ಕಿಗೆ ನಡೆದು ಗೋಡೆಗೆ ಹಾಯುತ್ತಿದ್ದರು. ಹಣೆಯ ಗಾಯಕ್ಕೆ ನಾನು ಅರಿಶಿನ ಒತ್ತುವಾಗ, “ಕಾಲಿಗೆ ಹೇಳಿದ್ರ ಕೇಳವಲ್ವು ನೋಡು” ಎಂದು ನಗುತ್ತಿದ್ದರು.

ಕೆಲಸದವರು ಅಲ್ಲಿ ಮೊದಲು ಕಿತ್ತದ್ದು ಮಾಳಿಗೆಯನ್ನು. ಆಮೇಲೆ, ಕಂಬಗಳಿಗಿಂತ ನಂತರದ ಕಾಲದ ಗೋಡೆಗಳನ್ನು. ಅಡಿಗೆಮನೆಯ ಗೋಡೆ, ದೇವರಮನೆಯ ಗೋಡೆ, ನಡುಮನೆಯ ಅಡ್ಡಗೋಡೆ ಎಲ್ಲವೂ ‘ನಂತರದವು’. ಕಲ್ಲುಗಳ ಮೇಲೆ ಬಣ್ಣದಿಂದ ನಂಬರು ಬರೆದು ಬಿಚ್ಚಿ ಮತ್ತೆ ಕೂಡಿಸಿದರು. ಒಲೆಯ ಹತ್ತಿರದ ಕಂಬದ ಹೊಗೆಮಸಿ ಮಾತ್ರ ಸುಲಭಕ್ಕೆ ಹೋಗಲಿಲ್ಲವಂತೆ. ಹೆಂಗಸರು ಕುಂಚ ಹಿಡಿದು ದಿನಗಟ್ಟಲೆ ತಿಕ್ಕಿದರಂತೆ. ನಮ್ಮವರು ಇದನ್ನು ಊಟಕ್ಕೆ ಕೂತಾಗ ಉತ್ಸಾಹದಿಂದ ಹೇಳಿದರು. ಬಡಿಸುತ್ತಿದ್ದ ಅತ್ತೆ ಸಾರಿನ ಪಾತ್ರೆ ಕೆಳಗಿಟ್ಟು ಒಳಗೆ ಹೋದರು.

ಕೆಲಸ ಮುಗಿಯುವ ಹೊತ್ತಿಗೆ ಮಗಳು ನಡೆಯಲು ಕಲಿತಿದ್ದಳು. ಅಂಥ ಮನೆಯೊಳಗೆ ಒಲೆ ಹಚ್ಚುವಂತಿಲ್ಲ, ಸಂಸಾರ ಇಡುವಂತಿಲ್ಲ ಎಂದು ಆಗ ಖಾತೆಯವರು ಹೇಳಿದರು. ನಮ್ಮವರು ಕಾಡಿದರು, ಬೇಡಿದರು, ಬಾಗಲಕೋಟೆಗೆ ಹೋಗಿ ವಕೀಲರನ್ನು ಕಂಡುಬಂದರು. ಆಗುವಂಥದಾಗಿರಲಿಲ್ಲ. ತಾಯಿಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ನಾನೇ ಹೇಳಿದೆ. ಅತ್ತೆ, “ಒಮ್ಮೆ ನೋಡಿ ಬರೂಣು ನಡಿ” ಎಂದರು.

ಮಂದಿ ಏಳುವ ಮೊದಲೇ ಹೋದೆವು. ಮಗಳು ನನ್ನ ಸೊಂಟದ ಮೇಲಿದ್ದಳು. ಮನೆ ನಿಜವಾಗಿಯೂ ಚೆಂದವಾಗಿತ್ತು. ಅಷ್ಟೊಂದು ಕೆಲಸದ ಕಂಬಗಳ ನಡುವೆ ನಾನು ರೊಟ್ಟಿ ಬಡಿದಿದ್ದೆ ಎಂದರೆ ನನಗೇ ನಂಬಿಕೆ ಬರಲಿಲ್ಲ. ಈ ತುದಿಯಿಂದ ಆ ತುದಿಗೆ ಗಾಳಿ ಬೀಸುತ್ತಿತ್ತು. ಅತ್ತೆ ನಡುವೆ ನಿಂತು ಸುತ್ತ ನೋಡಿದರು. ನಾಲ್ಕು ಹೆಜ್ಜೆ ಅತ್ತ ಹೋದರು, ಇತ್ತ ಬಂದರು. ಆಮೇಲೆ ನನ್ನನ್ನು ಕೇಳಿದರು:

“ನನ್ನ ಒಲಿ ಎಲ್ಲಿತ್ತು?”

ನಾನು ಬೆರಳು ತೋರಿಸಿದೆ. ಆದರೆ ನನಗೂ ಖಾತ್ರಿ ಇರಲಿಲ್ಲ. ಎಲ್ಲ ಕಂಬಗಳೂ ಒಂದೇ ಬಣ್ಣವಾಗಿದ್ದವು. ನಾನು ತೋರಿಸಿದ ಕಂಬದ ಬುಡದಲ್ಲಿ ಅತ್ತೆ ಕೂತರು. ಹುನಗುಂದದ ಕಡೆಯಿಂದ ಹೊಸದಾಗಿ ಬಂದಿದ್ದ ಕಾವಲುಗಾರ ಹತ್ತಿರ ಬಂದು ಮೆತ್ತಗೆ, “ಯಮ್ಮಾ, ಅಲ್ಲಿ ಕುಂದ್ರಬ್ಯಾಡ್ರಿ. ಸಾಹೇಬ್ರು ಬೈತಾರ” ಎಂದ. ಇದು ಇವರದೇ ಮನೆಯೆಂದು ಹೇಳಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಕೈ ಹಿಡಿದರು. “ಇರ್ಲಿ ಬಿಡವಾ. ಅವಗೇನು ಗೊತ್ತು.” ಕಂಬಕ್ಕೆ ಕೈಕೊಟ್ಟು ಎದ್ದರು.

ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ನಿಂತಿದ್ದರು. ತಾಯಿಯ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. “ಭಾಳ ಛಂದ ಆಗೇದಪ್ಪಾ” ಎಂದರು ಅತ್ತೆ. “ಛಲೋ ಕೆಲಸಾ ಮಾಡಿದಿ.” ನಮ್ಮವರು ಹೊರಗೆ ಹೋದವರು ಸಂಜೆಯ ತನಕ ಬರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂತು. ದವಾಖಾನೆಯ ಔಷಧ ನಾಟಲಿಲ್ಲ. ಜ್ವರದಲ್ಲಿ ಒಂದೇ ಮಾತು, “ಮನಿಗೆ ಹೋಗೂಣು.” ಮಗ ಕಾಲು ತಿಕ್ಕುತ್ತ, “ಮನ್ಯಾಗೇ ಇದ್ದೀಯಲ್ಲಾ ಅವ್ವಾ” ಎಂದರೆ, ಕಣ್ಣು ತೆರೆದು ಸೂರು ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ನಾನು ಬಾಯಿಗೆ ನೀರು ಬಿಡಲು ಹೋದಾಗ ತುಟಿ ತೆರೆಯಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ನಮ್ಮವರು ನನ್ನೊಡನೆ ಒಮ್ಮೆ ಮಾತ್ರ ಆ ವಿಷಯ ಎತ್ತಿದರು. “ಆ ಕಂಬಕ್ಕ ಮತ್ತ ಮಣ್ಣು ಮೆತ್ತಿ, ಸುಣ್ಣಾ ಹಚ್ಚಿ ಸುಮ್ಮನಿರಬೇಕಿತ್ತು.” ಆ ವರ್ಷವೇ ಕೇಳಿಕೊಂಡು ಹುನಗುಂದಕ್ಕೆ ವರ್ಗ ಮಾಡಿಸಿಕೊಂಡರು.

ಅಲ್ಲಿ ಚಳಿಗಾಲ ಬಂತೆಂದರೆ ಸಾಲೆಯವರು ಮಕ್ಕಳನ್ನು ಬಾದಾಮಿಗೆ, ಗುಡಿಗಳ ಜೊತೆ ಆ ಮನೆಯನ್ನೂ ತೋರಿಸಲು ಕರೆದೊಯ್ಯುತ್ತಿದ್ದರು. ಇತಿಹಾಸ ಕಲಿಸುವವರು ನಮ್ಮವರೇ. ಆದರೆ ಆ ದಿನ ಬೆಳಿಗ್ಗೆ ಅವರಿಗೆ ತಪ್ಪದೆ ಹೊಟ್ಟೆ ನೋಯುತ್ತಿತ್ತು. ಬೇರೆ ಮಾಸ್ತರರು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಗಂಜಿ ಕಾಸಿ ಉಪ್ಪು ಹಾಕಿ ತಂದುಕೊಟ್ಟರೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಎದ್ದು ಕೂತು ಕುಡಿಯುತ್ತಿದ್ದರು.