ಮರ್ರಿಯ ಕೆಳಗಲ್ಲ, ಮರ್ರಿಯಲ್ಲಿ

ಗಂಗಮ್ಮನವರೇ, ನಿಮ್ಮ ತಂದೆ ಕುರುಗೋಡಿನ ಆಲದ ಮರದ ಕೆಳಗೆ ಸಾಯಲಿಲ್ಲ. ನಿಮ್ಮ ಚಿಕ್ಕಪ್ಪ ಅವರನ್ನು ನೀರಿಲ್ಲದೆ ಸಾಯಲು ಬಿಡಲೂ ಇಲ್ಲ. ಆ ಕಥೆ ಕಟ್ಟಿದವನು ನಾನು. ಕಟ್ಟಿದ್ದು ತಿಳಿಯದೆ — ಅಷ್ಟೇ ಆಗಿದ್ದರೆ ತಪ್ಪು ಎನ್ನಬಹುದಿತ್ತು. ತಿಳಿದ ಮೇಲೂ ಸುಮ್ಮನಿದ್ದೆನಲ್ಲ, ನಿಮ್ಮದೇ ಮನೆಯ ಹಿಂದಿನ ಕೋಣೆಯಲ್ಲಿ, ನೀವು ಬಡಿದು ಕೊಟ್ಟ ಬಿಸಿ ರೊಟ್ಟಿ ತಿನ್ನುತ್ತ — ಅದಕ್ಕೆ ಏನೆಂದು ಹೆಸರಿಡಲಿ?

ಅರವತ್ತರ ದಶಕದ ಕೊನೆಯಲ್ಲಿ ನಾನು ಭೂಗೋಳದ ಮೇಷ್ಟ್ರಾಗಿ ಬಳ್ಳಾರಿಗೆ ಬಂದು ನಿಮ್ಮ ಮನೆಯಲ್ಲಿ ಬಾಡಿಗೆಗೆ ಇಳಿದೆ. ಒಂದು ಸಂಜೆ ನೀವು ನಿಮ್ಮ ತಂದೆಯ ವಿಷಯ ತೆಗೆದಿರಿ. ಕಂಟೋನ್ಮೆಂಟಿನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು, ಹೊರದೇಶದಿಂದ ಕುದುರೆ ತಂದಿಳಿಸಿ ಮರಳುವ ಹಡಗು ಹತ್ತಿ ಮದ್ರಾಸಿನಿಂದ ಹೊರಟುಹೋದರಂತೆ. ಯಾವ ದೇಶಕ್ಕೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ವರ್ಷಗಳ ಮೇಲೆ ತೆಲುಗಿನವನೊಬ್ಬ ಕುರುಗೋಡಿನ ನಿಮ್ಮ ಮನೆ ಬಾಗಿಲಿಗೆ ಬಂದು, ಅವರು ಒಂಟೆ ಕಾಯುತ್ತಿದ್ದರೆಂದು ತಿಳಿಸಿ, ಒಂದು ಮಾತು ಹೇಳಿ ಹೋದನಂತೆ: “ಮೀ ನಾಯನ ಮರ್ರಿಲೋ ಪೋಯಿನಾಡು.” ನಿಮ್ಮ ತಂದೆ ಮರ್ರಿಯಲ್ಲಿ ತೀರಿಕೊಂಡರು. ಆಗ ಚಿಕ್ಕ ಹುಡುಗಿಯಾಗಿದ್ದ ನೀವು ಆ ಮಾತನ್ನು ಒಂದಕ್ಷರ ಬಿಡದೆ ಕಾಪಾಡಿಕೊಂಡು ಬಂದಿದ್ದಿರಿ. ತೆಲುಗಿನಲ್ಲಿ ಮರ್ರಿ ಎಂದರೆ ಆಲದ ಮರ, ನಮ್ಮ ಸೀಮೆಯಲ್ಲಿ ಅದು ಯಾರಿಗೆ ಗೊತ್ತಿಲ್ಲ?

“ಮರದಾಗ ಹೆಂಗ ಸಾಯ್ತಾರ್ರೀ, ಮೇಷ್ಟ್ರ?” ಎಂದು ಕೇಳಿದಿರಿ.

ನಾನು ಸಿರುಗುಪ್ಪದವನು, ಎರಡೂ ಭಾಷೆ ಅರೆದು ಕುಡಿದಿದ್ದೇನೆಂಬ ಜಂಬ. ಹೇಳಿದವನಿಗೆ ವ್ಯಾಕರಣ ಬರುವುದಿಲ್ಲ, ‘ಮರ್ರಿಲೋ’ ಅಲ್ಲ, ‘ಮರ್ರಿ ಕಿಂದ’, ಅಂದರೆ ಆಲದ ಮರದ ಕೆಳಗೆ, ಎಂದು ಶಾಲೆಯ ಹುಡುಗನ ಕಾಪಿ ತಿದ್ದಿದ ಹಾಗೆ ತಿದ್ದಿದೆ. ಬಳ್ಳಾರಿ ಸೀಮೆಯಲ್ಲಿ ಎಲ್ಲಿಯ ಒಂಟೆ ಎಂದು ನಕ್ಕು ಆ ಮಾತನ್ನು ಪಕ್ಕಕ್ಕೆ ತಳ್ಳಿದೆ. ಹಾಗಾದರೆ ಅಪ್ಪ ಹಡಗಿಳಿದು ಊರಿಗೆ ಬರುತ್ತಿದ್ದರೇ, ಚಿಕ್ಕಪ್ಪನ ಹೊಲದ ಬದುವಿನ ಮೇಲಿನ ಆಲದ ಮರವೇ ಅದು ಎಂದು ನೀವು ಕೇಳಿದಾಗ ನಿಮ್ಮ ಮುಖ ಬಿಳಿಚಿಕೊಂಡಿತ್ತು. ಅದನ್ನು ನೋಡಿದೆ. ನೋಡಿಯೂ — ‘ಇರಬಹುದು’ ಎಂದೆ.

ಆ ‘ಇರಬಹುದು’ ಕುರುಗೋಡು ಮುಟ್ಟುವ ಹೊತ್ತಿಗೆ ‘ಹೌದು’ ಆಗಿತ್ತು. ಅಣ್ಣನ ಪಾಲಿನ ಹೊಲವನ್ನೂ ಉಳುತ್ತಿದ್ದ ಚಿಕ್ಕಪ್ಪ, ಮರಳಿ ಬಂದ ಅಣ್ಣನನ್ನು ಆ ಮರದ ಕೆಳಗೆ ನೀರಿಲ್ಲದೆ ಸಾಯಲು ಬಿಟ್ಟರೆಂದು ಊರಿಗೆ ಊರೇ ಗುಮಾನಿ ಪಟ್ಟಿತು. ಅವರು ದೀಪ ಮುಟ್ಟಿ ಆಣೆ ಮಾಡಿದರು, ಅಣ್ಣ ಮರಳಿ ಬಂದದ್ದನ್ನು ಕಂಡಿಲ್ಲ ಎಂದರು. ಹಿರಿಯರು ನನ್ನನ್ನೂ ಕರೆಸಿದ್ದರು. ನಾನು ಕಟ್ಟೆಯ ಮೇಲೆ ಕೂತು ‘ಲೋ’ಗೂ ‘ಕಿಂದ’ಕ್ಕೂ ಇರುವ ಭೇದವನ್ನು ವಿವರಿಸಿದೆ! ಅಂದಿನಿಂದ ನೀವು ಆ ಮನೆಯ ನೀರು ಮುಟ್ಟಲಿಲ್ಲ.

ಆಮೇಲೆ ನನಗೊಂದು ಹುಚ್ಚು ಹತ್ತಿತು, ನೀವೇ ಎಷ್ಟೋ ಸಲ ಅದಕ್ಕೆ ನಕ್ಕಿದ್ದೀರಿ. ರದ್ದಿ ಅಂಗಡಿಯಲ್ಲಿ ಬ್ರಿಟಿಷರ ಕಾಲದ ಆಸ್ಟ್ರೇಲಿಯಾದ ನಕ್ಷೆಗಳೂ ಅಲ್ಲಿನ ಊರುಗಳ ವಿವರವಿದ್ದ ಪುಸ್ತಕವೂ ಸಿಕ್ಕಿದ್ದವು. ಶಾಲೆಯ ಹೊಸ ನಕ್ಷೆಯ ಪಕ್ಕ ಅವನ್ನು ಹರಡಿ, ಚಿನ್ನ ಮುಗಿದು ಹಾಳುಬಿದ್ದ ಊರು, ಹೆಸರು ಬದಲಾದ ಸ್ಟೇಷನ್ನು ಹುಡುಕುತ್ತಿದ್ದೆ. ಗುಂತಕಲ್ ದಾಟದವನು ಕಡಲಾಚೆಯ ಹಾಳೂರುಗಳಿಗೆ ಪಟೇಲನಾಗಿದ್ದೆ.

ಒಂದು ಭಾನುವಾರ ಹಳೆಯ ನಕ್ಷೆಯ ‘ಹರ್ಗಾಟ್ ಸ್ಪ್ರಿಂಗ್ಸ್’ ಎಂಬ ಊರು ಹೊಸದರಲ್ಲಿ ಕಾಣಲಿಲ್ಲ. ಮರಳುಗಾಡಿನತ್ತ ಹೋಗುವ ರೈಲು ಹಳಿಯ ಮೇಲೆ ಬೆರಳಿಟ್ಟು ಹೋದೆ. ಅದೇ ಜಾಗ, ಬೇರೆ ಹೆಸರು — ಮರ್ರೀ. ಪುಸ್ತಕ ತಿರುವಿದೆ. ಹಿಂದೂಸ್ತಾನದ ಕಡೆಯಿಂದ ಒಂಟೆಗಳೊಂದಿಗೆ ಬಂದವರು ಅಲ್ಲಿ ನೆಲೆ ನಿಂತಿದ್ದಾರೆ ಎಂದಿತ್ತು. ಮದ್ರಾಸಿಗೆ ಕುದುರೆ ಬರುತ್ತಿದ್ದುದೂ ಆಸ್ಟ್ರೇಲಿಯಾದಿಂದಲೇ. ಒಂಟೆ. ಮರ್ರಿಲೋ. ಆ ತೆಲುಗಿನವನ ವ್ಯಾಕರಣ ಸರಿಯಾಗಿತ್ತು ಗಂಗಮ್ಮನವರೇ, ಮರ್ರಿ ಮರವಲ್ಲ, ಊರು.

ಪುಸ್ತಕ ಮುಚ್ಚಿದೆ. ಅಡುಗೆಮನೆಯಲ್ಲಿ ನೀವಿದ್ದಿರಿ, ಎದ್ದು ಬಂದರೆ ಹತ್ತು ಹೆಜ್ಜೆ. ಎದ್ದೆ, ಕೂತೆ, ಮತ್ತೆ ಎದ್ದೆ — ಕಟ್ಟೆಯ ಮೇಲೆ ಅಷ್ಟು ಜನರ ಮುಂದೆ ಹೇಳಿದ್ದನ್ನು ನುಂಗಬೇಕಲ್ಲ, ಜನ ನಗುತ್ತಾರಲ್ಲ! ನಾಳೆ ಹೇಳೋಣ ಎಂದುಕೊಂಡೆ. ನಿಮ್ಮ ನೆಮ್ಮದಿ ಕೆಡಬಾರದೆಂದು ಸುಮ್ಮನಾದೆ ಎಂದು ಬರೆಯಲು ಈಗಲೂ ಕೈ ತವಕಿಸುತ್ತದೆ. ಅದು ಸುಳ್ಳು. ಮಾನಕ್ಕೆ ಅಂಜಿದೆ, ಅಷ್ಟೇ.

ಮುಂದಿನ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗ ಬಸ್ಸಿಳಿದು ನೇರ ನಿಮ್ಮ ಬಾಗಿಲಿಗೆ ಬಂದ. ಅಪ್ಪನದು ಇವತ್ತೋ ನಾಳೆಯೋ, ಗಂಗವ್ವನ ಕೈಯಲ್ಲಿ ಬಾಯಿಗೆ ನೀರು ಬಿಡಿಸಿ ಎನ್ನುತ್ತಿದ್ದಾನೆ ಎಂದು ಹೊಸ್ತಿಲಾಚೆಯೇ ನಿಂತು ಕೈ ಮುಗಿದ. ನೀವು ಅಂದಿರಿ:

“ನಮ್ಮಪ್ಪ ಮರದ ಕೆಳಗ ಬಿದ್ದಾಗ ಒಂದು ಗುಟುಕು ನೀರು ಕೊಡಲಾರದವನಿಗಿ ನಾನ್ಯಾಕ ಕೊಡ್ಲಿ?”

ಹಾಗೆಂದು ನನ್ನತ್ತ ನೋಡಿದಿರಿ. ಸಾಕ್ಷಿಗೆ ನೋಡಿದಿರೋ, ನಾನು ತಡೆಯಲಿ ಎಂದು ನೋಡಿದಿರೋ — ಅದೊಂದು ನನ್ನನ್ನು ಇಂದಿಗೂ ನಿದ್ದೆಗೆ ಬಿಡುವುದಿಲ್ಲ. ನಾನು ಛತ್ರಿ ತೆಗೆದುಕೊಂಡು ಶಾಲೆಗೆ ಹೋದೆ. ಆ ಹುಡುಗ ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆಗೇ ನಡೆದ, ನೀವಾದರೂ ಒಂದು ಮಾತು ಹೇಳಿ ಸಾರ್ ಎನ್ನುತ್ತ. ಮೂರನೆಯ ದಿನ ಸುದ್ದಿ ಬಂತು.

ಈಗ ನಾನು ಬೇರೆ ಮನೆಯಲ್ಲಿದ್ದೇನೆ, ನಿವೃತ್ತನಾಗಿದ್ದೇನೆ. ಕುರುಗೋಡಿನ ಬಸ್ಸು ಆ ಆಲದ ಮರ ದಾಟುವಾಗ ಕೂತಲ್ಲಿ ಕೂರಲಾರೆ. ನೀವಿನ್ನೂ ಅದನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತೀರಂತೆ. ಚಿಕ್ಕಪ್ಪನ ಮಗ ಈಗಲೂ ನಿಮ್ಮ ಹೊಸ್ತಿಲು ದಾಟಿಲ್ಲವಂತೆ.

ನಿಮಗೆ ಓದಲು ಬರುವುದಿಲ್ಲ. ಬರೆದು ಕಳಿಸಿ ಪಾರಾಗುವ ದಾರಿಯೂ ನನಗಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ, ಅವನನ್ನೂ ಬರಲು ಹೇಳಿದ್ದೇನೆ. ಇಬ್ಬರ ಎದುರಿಗೆ ಇದನ್ನು ನಾನೇ ಓದುತ್ತೇನೆ. ಈ ಸಲ ಒಂದಕ್ಷರವನ್ನೂ ತಿದ್ದುವುದಿಲ್ಲ.